ನೀನೇ ಹತ್ತಿ ಕುಳಿತ ಕಾರು

ದೊಡ್ಡಬಳ್ಳಾಪುರದ ಗಟ್ಟಿಗಿತ್ತಿ, ನನ್ನ ಅಮ್ಮನಿಗೆ,

ನಿನಗೊಂದು ಸುದ್ದಿ ಹೇಳಬೇಕಾಗಿದೆ. ಅದನ್ನು ಹೇಳುವ ಆತುರದಲ್ಲಿ ಬೆಳಗಿನ ಕಾಫಿಯನ್ನೂ ಮರೆತು ಈ ಹಾಳೆಯ ಮುಂದೆ ಕುಳಿತಿದ್ದೇನೆ. ಎಂಬತ್ತು ದಾಟಿದವನಿಗೆ ಇಷ್ಟೊಂದು ಆತುರ ಸಲ್ಲದು ಎಂದು ನಿನ್ನ ಸೊಸೆ ಒಳಗಿನಿಂದ ಗೊಣಗುತ್ತಿದ್ದಾಳೆ. ಆದರೂ ಸುದ್ದಿಯನ್ನು ಮೊದಲೇ ಹೇಳಿಬಿಡುವುದಿಲ್ಲ. ನೀನು ಮಗ್ಗಕ್ಕೆ ಹಾಸು ಹೂಡುತ್ತಿದ್ದ ಕ್ರಮದಲ್ಲಿ, ಒಂದು ಎಳೆಯಾದ ಮೇಲೆ ಮತ್ತೊಂದು ಎಳೆ ಎಂಬಂತೆ, ನಡೆದದ್ದನ್ನೆಲ್ಲ ಜೋಡಿಸಿಕೊಂಡು ಬರುತ್ತೇನೆ. ನಡುವೆ ಬಾಯಿ ಹಾಕಬೇಡ. ಹಾಕಿದರೂ, ಈಗ ನಿನ್ನನ್ನು ತಡೆಯುವವರಾದರೂ ಯಾರು?

ಅಣ್ಣ ಕಾರನ್ನು ಬಾಗಿಲಿಗೆ ತಂದು ನಿಲ್ಲಿಸಿದ ಆ ಬೆಳಗು ನಿನ್ನ ನೆನಪಿನಲ್ಲಿ ಇದ್ದೇ ಇರುತ್ತದೆ. ಎಪ್ಪತ್ತರ ದಶಕ ಆಗತಾನೆ ಕಾಲಿಟ್ಟಿತ್ತು. ಹಿತ್ತಲ ಬಾವಿಕಟ್ಟೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ ನೀನು ಕೋಲೂರಿಕೊಂಡು ಮನೆಯೊಳಗೆ ಓಡಾಡುವಷ್ಟು ಚೇತರಿಸಿಕೊಂಡಿದ್ದೆ. ಬೀದಿಗೆ ಮಾತ್ರ ಇಳಿದಿರಲಿಲ್ಲ. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂರುವುದು ಇನ್ನು ಸಾಧ್ಯವಿಲ್ಲವೆಂದು ವೈದ್ಯರು ಹೇಳಿದ್ದರಿಂದ ನಿನ್ನ ಕೈಮಗ್ಗವನ್ನು ಬಿಚ್ಚಿ, ಮರಗಳನ್ನು ಗೋಡೆಗೆ ಒರಗಿಸಿದ್ದೆವು. ಬೀಳುವುದಕ್ಕೆ ಮೊದಲು ನೀನು ನೇಯ್ದು ಮುಗಿಸಿದ್ದ ಕೊನೆಯ ಸೀರೆ ಪೆಟ್ಟಿಗೆಯಲ್ಲಿತ್ತು. ಅದು ಕುಂದಾಣದಲ್ಲಿದ್ದ ನಿನ್ನ ತಂಗಿಯ ಮಗಳು ಸರಸ್ವತಿಯ ಧಾರೆಯ ಸೀರೆ. ನಮ್ಮ ಮನೆತನದ ಪದ್ಧತಿಯನ್ನು ನಿನಗೇ ನಾನು ವಿವರಿಸಬೇಕೆ? ನೇಯ್ದವಳೇ ಅದನ್ನು ಒಯ್ಯಬೇಕು. ದಾರಿಯಲ್ಲಿ ಅದು ನೆಲ ಸೋಕಬಾರದು, ಇನ್ನೊಬ್ಬರ ಕೈ ಸೇರಬಾರದು. ನೇಯ್ದವಳ ಮಡಿಲಿನಿಂದ ವಧುವಿನ ಮಡಿಲಿಗೇ ಇಳಿಯಬೇಕು. ಮದುವೆಗೆ ಇನ್ನು ಕೆಲವೇ ದಿನಗಳಿದ್ದವು. ಕಾರಿನಲ್ಲಿ ಕೂರುವ ಅಭ್ಯಾಸ ಆಗಲೆಂದು ಅಣ್ಣ ಅಂದು ನಿನ್ನನ್ನು ಕರೆದ.

ನೀನು ಕಾರಿಗೆ ಬೆನ್ನು ಮಾಡಿ ನಿಂತೆ. ಹಿಂದಿನ ಆಸನದ ಅಂಚು ನಿನ್ನ ಸೊಂಟದ ಹತ್ತಿರಕ್ಕೆ ಬಂತು. ಮೊದಲೇ ನೀನು ಕುಳ್ಳಗಿನ ಹೆಂಗಸು. ಆ ಕಾರೋ, ಬೆಂಗಳೂರಿಗೆ ನೂಲಿನ ಮೂಟೆಗಳನ್ನು ಹೊತ್ತು ತಿರುಗಲೆಂದು ಹಿಂಭಾಗವನ್ನು ಬಲಪಡಿಸಿಕೊಂಡಿದ್ದ ಕಾರು. ಖಾಲಿ ನಿಂತಾಗ ಅದರ ಬೆನ್ನು ಹುಂಜದ ಬಾಲದಂತೆ ಮೇಲೆದ್ದಿರುತ್ತಿತ್ತು.

"ಇರಮ್ಮ, ಎತ್ತಿ ಕೂರಿಸ್ಬಿಡ್ತೀನಿ. ನೀನೇನು ಮಹಾ ಭಾರ ಇದ್ದೀಯಾ" ಎಂದು ಅಣ್ಣ ತೋಳು ಮಡಿಸಿದ.

"ಮುಟ್ಟೀಯಾ ಜೋಕೆ. ಎತ್ತೋದು ಹೆಣಾನ. ನಾನಿನ್ನೂ ಉಸಿರಾಡ್ತಾ ಇದ್ದೀನಿ."

ನಾನು ಒಳಗೋಡಿ ಮಣೆಯೊಂದನ್ನು ತಂದು ಕಾರಿನ ಬುಡದಲ್ಲಿಟ್ಟೆ. ನೀನು ಮಣೆಯನ್ನು ನೋಡಿದೆ, ನನ್ನನ್ನು ನೋಡಿದೆ.

"ಮಣೆ ಮೇಲೆ ನಿಲ್ಲೋಕೆ ನಾನೇನು ಮದುವಣಗಿತ್ತಿಯೇನ್ಲಾ? ಅವಳು ಕುಂದಾಣದಲ್ಲವಳೆ."

ಎದುರುಮನೆಯ ಜಗಲಿಯಲ್ಲಿ ಕುಳಿತವರು ನಕ್ಕರು. ನೀನು ನಗಲಿಲ್ಲ. ಕೋಲನ್ನು ನೆಲಕ್ಕೆ ಕುಟ್ಟಿ, ಇಡೀ ಬೀದಿಗೆ ಕೇಳುವಂತೆ ತೀರ್ಪು ಕೊಟ್ಟೆ. "ನಾನಾಗಿ ಹತ್ತೋ ಹಂಗಿದ್ರೆ ಹೋಗ್ತೀನಿ. ಇಲ್ಲಾಂದ್ರೆ ಸೀರೆ ಪೆಟ್ಟಿಗೇಲೇ ಇರ್ಲಿ. ಆ ಮಗು ಅಂಗಡಿ ಸೀರೆ ಉಟ್ಕೊಂಡು ಧಾರೆ ಎರಿಸ್ಕೊಳ್ಳಲಿ." ಹೇಳಿ ಒಳಗೆ ನಡೆದುಬಿಟ್ಟೆ. ಆ ಸೀರೆಗೆ ನೀನು ಸುರಿದ ಕಣ್ಣಬೆಳಕನ್ನು ಬಲ್ಲ ನಮಗೆ ಆ ಮಾತು ಹೇಗೆ ಕೇಳಿಸಿರಬೇಡ…

ರೈಲು ನಿಲ್ದಾಣದ ಹಾದಿಯಲ್ಲಿದ್ದ ಅನ್ವರನ ಗ್ಯಾರೇಜಿಗೆ ಅಣ್ಣನೂ ನಾನೂ ಆ ಮಧ್ಯಾಹ್ನವೇ ಹೋದೆವು. ಕಾರಿನ ಹಿಂಭಾಗಕ್ಕೆ ಹೆಚ್ಚಿನ ಉಕ್ಕಿನ ಪಟ್ಟಿಗಳನ್ನು ಸೇರಿಸಿ ಎತ್ತರಿಸಿದ್ದವನೇ ಅವನು. ಬಿಲ್ಲಿನಂತೆ ಬಾಗಿದ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ, ಅವುಗಳ ನಟ್ಟನಡುವೆ ಚಕ್ರಗಳ ಅಚ್ಚನ್ನು ಕೂರಿಸಿರುತ್ತಾರೆ. ಆತ ಅದನ್ನು ಕಮಾನು ಎನ್ನುತ್ತಿದ್ದ. ಅಚ್ಚಗನ್ನಡದಲ್ಲಿ ಬಿಲ್ಲು ಎನ್ನಬಾರದೇಕೆ ಎಂದು ಕನ್ನಡ ಮೇಷ್ಟರಾಗಿದ್ದ ನಾನು ಕೇಳಿದೆ.

"ಬಿಲ್ಲು ಅಂದ್ರೆ ಬಾಣ ಎಲ್ಲಿ ಅಂತಾರೆ ಪಂಡಿತ್ರೇ, ನನ್ನ ಗಿರಾಕಿಗಳು" ಎಂದ ಅನ್ವರ್. "ನೀವು ಸ್ಕೂಲಲ್ಲಿ ಬಿಲ್ಲು ಅನ್ನಿ. ಇಲ್ಲಿ ಕಮಾನು ಇರ್ಲಿ."

ಅಣ್ಣನ ಸಂಕಟ ಬೇರೆಯದು. ಸೇರಿಸಿದ ಪಟ್ಟಿಗಳನ್ನು ತೆಗೆದುಹಾಕಿದರೆ ಕಾರು ತಾನಾಗಿ ತಗ್ಗುತ್ತದೆ. ಆದರೆ ಮದುವೆ ಕಳೆದ ಮರುದಿನವೇ ನೂಲಿನ ಮೂಟೆ ಹೇರಿದರೆ ಅದರ ಹೊಟ್ಟೆ ರಸ್ತೆಗೆ ತಾಗುತ್ತದೆ. ಬಲ ಇರಬೇಕು, ಎತ್ತರ ಇರಬಾರದು. ಇಂಥ ಬೇಡಿಕೆಗೆ ಯಾವ ಮೇಸ್ತ್ರಿ ತಾನೆ ಒಪ್ಪುತ್ತಾನೆ?

ಅನ್ವರ್ ಒಪ್ಪಿದ. ಪಟ್ಟಿಗಳಿಗೂ ಅಚ್ಚಿಗೂ ನಡುವೆ, ಎರಡೂ ಬದಿಗೆ ಇಟ್ಟಿಗೆಯಂಥ ಒಂದೊಂದು ಗಟ್ಟಿ ಇಡುತ್ತೇನೆ, ಉದ್ದನೆಯ ಬೋಲ್ಟುಗಳಿಂದ ಬಿಗಿಯುತ್ತೇನೆ, ಕಾರು ನಾಲ್ಕು ಬೆರಳು ಕೆಳಗಿಳಿಯುತ್ತದೆ ಎಂದ. ಅಣ್ಣ ಕಣ್ಣರಳಿಸಿದ.

"ಅಡೀಲಿ ಇಟ್ಟಿಗೆ ಇಟ್ರೆ ಮಂಚ ಮೇಲಕ್ಕೇಳ್ತದೋ ಕೆಳಕ್ಕಿಳೀತದೋ? ಏನ್ ಗುರು, ನನ್ನೇನು ಪೆದ್ದ ಅನ್ಕೊಂಡಿದ್ದೀಯಾ?"

ಅದೇ ತಕರಾರನ್ನು ಹೊತ್ತುಕೊಂಡು ನಾವು ಮೂವರೂ ಮನೆಗೆ ಬಂದೆವು. ನೀನು ಅಡುಗೆಮನೆಯ ಹೊಸ್ತಿಲ ಬಳಿ ಅಕ್ಕಿ ಆರಿಸುತ್ತಿದ್ದೆ. ಅನ್ವರ್ ಬೆರಳುಗಳನ್ನು ಬಾಗಿಸಿ ತೋರಿಸಿದ: ಅಚ್ಚು ಮೇಲಿದೆ, ಪಟ್ಟಿಗಳು ಅದರ ಕೆಳಗಿವೆ, ಕಾರಿನ ಮೈ ಆ ಪಟ್ಟಿಗಳ ತುದಿಗಳನ್ನು ಹಿಡಿದುಕೊಂಡಿದೆ. ಅಣ್ಣನಿಗೆ ಆಗಲೂ ಹೊಳೆಯಲಿಲ್ಲ, ನನಗಂತೂ ಹೊಳೆಯುವ ಮಾತೇ ಇರಲಿಲ್ಲ. ನೀನು ಮೊರದಿಂದ ತಲೆಯೆತ್ತದೆಯೇ ಹೇಳಿದೆ:

"ಜಂತೆಗೆ ತೊಟ್ಟಿಲು ಕಟ್ಟಿದಂಗೆ ಕಣೋ. ಹಗ್ಗ ಉದ್ದ ಬಿಟ್ರೆ ತೊಟ್ಟಿಲು ಕೆಳಕ್ಕಿಳೀತದೆ. ಅಚ್ಚೇ ಜಂತೆ. ಗಟ್ಟಿ ಇಟ್ರೆ ಹಗ್ಗ ಉದ್ದ ಆದಂಗಲ್ವಾ ಅನ್ವರಾ?"

ಅನ್ವರ್ ಎರಡೂ ಕೈ ಮುಗಿದ. "ಅಮ್ಮಾ, ನಾಳೆಯಿಂದ ನೀವೇ ಬಂದ್ಬಿಡಿ ಗ್ಯಾರೇಜಿಗೆ. ನಾನು ಅಕ್ಕಿ ಆರಿಸ್ಕೊಂಡಿರ್ತೀನಿ."

ಅಮ್ಮ, ನಿನ್ನ ಮುಖದಲ್ಲಿ ಆಗ ಮೂಡಿದ ಹುರುಪನ್ನು, ಬಾವಿಕಟ್ಟೆಯಲ್ಲಿ ಬಿದ್ದ ದಿನದಿಂದ ನಾವು ಕಂಡಿರಲಿಲ್ಲ. ಮೊರವನ್ನು ಬದಿಗೆ ತಳ್ಳಿ ಕೋಲಿಗೆ ಕೈಚಾಚಿದೆ. ಗೋಡೆಗೆ ಒರಗಿಸಿದ್ದ ಮಗ್ಗದ ಮರಗಳ ಬಳಿಗೆ ಹೋಗಿ, ಬಟ್ಟೆ ಸುತ್ತುವ ದಿಂಡನ್ನು ಕೋಲಿನಿಂದ ತಟ್ಟಿದೆ. "ಗಟ್ಟಿ ಇದರಲ್ಲೇ ಕೊಯ್ಯಿ. ನಾನು ಮದ್ವೆಯಾಗಿ ಬಂದಾಗಿಂದ ಎಳೆತ ತಡ್ಕೊಂಡೈತೆ ಇದು. ಒಂದು ಬಿರುಕು ಬಿಟ್ಟಿಲ್ಲ." ಬೇಡವೆನ್ನುವ ಯೋಚನೆಯೇ ನಮಗಾರಿಗೂ ಬರಲಿಲ್ಲ. ನೇಯುವವರ ಮನೆಯಲ್ಲಿ ಮಗ್ಗದ ಮರಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದುಂಟೆಂದು ನಂಬುವವರು ಯಾರಿದ್ದರು? ಉಗುರಿನಿಂದ ಗೀರಿ ನೋಡಿದ ಅನ್ವರನೂ "ಕಲ್ಲು, ಕಲ್ಲು" ಎಂದು ತಲೆದೂಗಿದ.

ಗಟ್ಟಿಗಳನ್ನು ಕೂರಿಸಿದ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಾಗ ನಾನು ಶಾಲೆಯಿಂದ ಬರುತ್ತಿದ್ದೆ. ಅದೇ ಕಾರೆಂದು ಗುರುತೇ ಸಿಗಲಿಲ್ಲ. ಮೇಲೆದ್ದಿದ್ದ ಬಾಲ ಇಳಿದು, ಬೇಟೆಗೆ ಹೊಂಚುವ ಬೆಕ್ಕಿನಂತೆ ಮೈಯನ್ನು ನೆಲಕ್ಕೆ ಒತ್ತಿಕೊಂಡು ಬರುತ್ತಿತ್ತು. ನೀನು ಬೆನ್ನು ಮಾಡಿ ನಿಂತೆ, ಕೋಲನ್ನು ಊರಿದೆ, ಕುಳಿತೆ. ಕಾಲುಗಳನ್ನು ಒಂದಾದ ಮೇಲೊಂದರಂತೆ ನೀನೇ ಒಳಗೆಳೆದುಕೊಂಡೆ. ಮತ್ತೆ ಇಳಿದೆ. ಮತ್ತೆ ಹತ್ತಿದೆ. ಎದುರುಮನೆಯ ಜಗಲಿಯವರು ಈ ಬಾರಿ ನಗಲಿಲ್ಲ, ಎದ್ದು ನಿಂತಿದ್ದರು.

ಆದರೆ ಮರುದಿನ ಬೆಳಗ್ಗೆ ನೂಲಿನ ಮೂಟೆ ಹೇರಿ ಕಾರನ್ನು ಪರೀಕ್ಷಿಸಲೆಂದು ದೇವನಹಳ್ಳಿಯ ರಸ್ತೆಗೆ ಹೋದ ನಾವು ಮೂವರೂ ಜೋಲುಮೋರೆ ಹಾಕಿಕೊಂಡು ಹಿಂತಿರುಗಿದೆವು. ಮೊದಮೊದಲು ಎಲ್ಲವೂ ಸೊಗಸಾಗಿಯೇ ಇತ್ತು. ಒಂದು ಹಳ್ಳಕ್ಕೆ ಚಕ್ರ ಇಳಿದೆದ್ದ ಮೇಲೆ ಮಾತ್ರ ಹಿಂದುಗಡೆ ಏನೋ ಕಟಕಟ ಎನ್ನತೊಡಗಿತು. ಅಣ್ಣ ಚುಕ್ಕಾಣಿಯನ್ನು ನೇರವಾಗಿ ಹಿಡಿದಿದ್ದರೂ ಕಾರು ಓರೆಯಾಗಿ ಓಡುತ್ತಿತ್ತು. ಅನ್ವರ್ ಇಳಿದು, ಹಿಂದೆ ನಡೆದು ಬಂದು ನೋಡಿದ.

"ಏಡಿ ನಡ್ದಂಗೆ ನಡೀತೈತಲ್ಲಪ್ಪಾ ಇದು" ಎಂದವನು ಅಲ್ಲೇ ಅಂಗಾತ ಮಲಗಿ ಕಾರಿನಡಿಗೆ ತೂರಿದ. ಬೋಲ್ಟುಗಳ ಹಿಡಿತದಲ್ಲಿ ಸಿಲುಕಿದ ಮರ ಹಿಸುಕಿಹೋಗಿತ್ತು. ಮರ ಕುಗ್ಗಿದಂತೆ ಬಿಗಿ ಸಡಿಲವಾಗಿ, ಒಂದು ಬದಿಯ ಅಚ್ಚು ತನ್ನ ನೆಲೆಯಿಂದ ಹಿಂದಕ್ಕೆ ಸರಿದಿತ್ತು. ಇನ್ನೂ ಸ್ವಲ್ಪ ದೂರ ಹೋಗಿದ್ದರೆ… ಆ ವಾಕ್ಯವನ್ನು ಅಂದು ಯಾರೂ ಮುಗಿಸಲಿಲ್ಲ, ಇಂದು ನಾನೂ ಮುಗಿಸುವುದಿಲ್ಲ.

ನಿನಗೆ ಹೇಳುವುದು ಹೇಗೆಂದು ಅಣ್ಣ ದಾರಿಯುದ್ದಕ್ಕೂ ತಳಮಳಿಸಿದ. ನೀನೋ, ಬಿಚ್ಚಿ ತಂದ ಗಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಹಿಸುಕಿದ ಕಡೆ ಹೆಬ್ಬೆರಳಾಡಿಸಿದೆ. ಇನ್ನು ಕಾರೂ ಬೇಡ, ಕುಂದಾಣವೂ ಬೇಡ ಎಂದುಬಿಟ್ಟರೆ?

"ಮಗ್ಗದಲ್ಲಿ ಎಲ್ಲಾ ಎಳೆತಾನೇ ಕಣ್ರೋ. ಹಿಸುಕೋ ಕೆಲ್ಸ ಇದಕ್ಕೆ ಯಾವತ್ತು ಬಿದ್ದಿತ್ತು? ಒಗ್ಗದ ಕೆಲ್ಸಕ್ಕೆ ಹಾಕ್ಬಿಟ್ಟೆ ಪಾಪ" ಎಂದು ಮರಕ್ಕೆ ಮರುಗಿದೆ. ಆಮೇಲೆ ನಮ್ಮತ್ತ ತಿರುಗಿದೆ. "ಏನು ಹಿಂಗೆ ಕಲ್ಲಂಗೆ ನಿಂತಿದ್ದೀರಾ? ಕಬ್ಬಿಣದಲ್ಲಿ ಮಾಡ್ಸಿ. ನಾಡಿದ್ದು ಧಾರೆ."

ಎರಕದ ನಾಗಪ್ಪನ ಕುಲುಮೆಗೆ ನಾವು ಓಡಿದ ಓಟವನ್ನು ನೀನು ನೋಡಬೇಕಿತ್ತು. ವಿದ್ಯುತ್ ಮಗ್ಗಗಳ ಹಲ್ಲುಚಕ್ರಗಳನ್ನು ಎರಕ ಹೊಯ್ಯುತ್ತಿದ್ದ ಆ ಮನುಷ್ಯನ ಬಾಯಿ ಅವನ ಕುಲುಮೆಗಿಂತ ಬಿಸಿ. ಅಂದು ಕುಲುಮೆ ಹಚ್ಚಿದ್ದ ದಿನವಾಗಿತ್ತು, ಅದೊಂದು ಪುಣ್ಯ.

"ಮಾದರಿ ಎಲ್ಲಿ?" ಎಂದು ಕೇಳಿದ. ತಂದಿಲ್ಲ ಎಂದೆವು. "ಮಾದರಿ ಇಲ್ದೆ ಮರಳಲ್ಲಿ ಏನು ಒತ್ಲಿ, ನಿಮ್ಮ ಮೂತಿನಾ? ಬಡಗಿ ಹತ್ರ ಹೋಗಿ, ಮಾದರಿ ಕೆತ್ತಿಸ್ಕೊಂಡು, ಮುಂದಿನ ಸಲ ಕುಲುಮೆ ಹಚ್ಚಿದಾಗ ಬನ್ನಿ. ಹೋಗಿ ಹೋಗಿ."

ಮುಂದಿನ ಸಲವೆಂದರೆ ಮದುವೆ ಮುಗಿದು, ಸರಸ್ವತಿ ಗಂಡನ ಮನೆ ಸೇರಿದ ಮೇಲೆ. ಆಗ ಅನ್ವರ್ ತನ್ನ ಕೈಚೀಲವನ್ನು ನಾಗಪ್ಪನ ಕಾಲ ಬಳಿ ಸುರಿದನಲ್ಲ, ಅದರೊಳಗಿಂದ ಉರುಳಿದ್ದು ನಿನ್ನ ಮಗ್ಗದ ಮರದ ಗಟ್ಟಿಗಳೇ. ಒಂದು ಹಿಸುಕಿದ್ದು, ಇನ್ನೊಂದು ಇನ್ನೂ ನೆಟ್ಟಗಿದ್ದದ್ದು. ನಾಗಪ್ಪ ನೆಟ್ಟಗಿದ್ದುದನ್ನು ಎತ್ತಿಕೊಂಡು, ನಾಲ್ಕೂ ಮುಖಗಳನ್ನು ತಿರುಗಿಸಿ ನೋಡಿ, ಮೊದಲ ಬಾರಿಗೆ ಬೈಯದೆ ಮಾತನಾಡಿದ. "ಇದ್ಯಾರು ಕೊಯ್ದಿದ್ದು? ಚೆನ್ನಾಗೈತೆ. ಇದನ್ನೇ ಎರಡು ಸಲ ಒತ್ತಿದ್ರಾಯ್ತು."

ಮರಳಿನಲ್ಲಿ ಮರವನ್ನು ಒತ್ತಿ, ಮೆಲ್ಲನೆ ಎತ್ತಿ, ಅದು ಬಿಟ್ಟುಹೋದ ಪೊಳ್ಳಿಗೆ ಕರಗಿದ ಕಬ್ಬಿಣವನ್ನು ಸುರಿದಾಗ ಕಿಡಿಗಳು ನಮ್ಮ ಕಾಲಬುಡದವರೆಗೆ ಸಿಡಿದವು. ಪಾಠಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಒಪ್ಪಿಸಿಕೊಂಡು ಕಾಲ ಕಳೆಯುತ್ತಿದ್ದ ನಾನು ಅದರಂಥ ಸೊಬಗನ್ನು ಅದುವರೆಗೆ ಕಂಡಿರಲಿಲ್ಲ. ಆರಿದ ಗಟ್ಟಿಗಳನ್ನು ಹೊರತೆಗೆದಾಗ ಒಂದರ ಮೈಮೇಲೆ ನಿನ್ನ ಮರದ ಗೆರೆಗಳು ಹಾಗೆಯೇ ಮೂಡಿದ್ದವು. ಅನ್ವರ್ ಅವುಗಳಿಗೆ ಕುಳಿ ಕೊರೆದು, ಪಟ್ಟಿಗಳನ್ನು ಒಟ್ಟಿಗೆ ಹಿಡಿದಿದ್ದ ನಡುಮೊಳೆಯ ತಲೆ ಆ ಕುಳಿಯಲ್ಲಿ ಬಿಗಿಯಾಗಿ ಕೂರುವಂತೆ ಮಾಡಿದ. ಅಚ್ಚು ಇನ್ನು ಹಿಂದಕ್ಕೂ ಸರಿಯದು, ಮುಂದಕ್ಕೂ ಸರಿಯದು. ಮತ್ತೆ ಮೂಟೆ ಹೇರಿದೆವು. ಅದೇ ಹಳ್ಳಕ್ಕೆ ಬೇಕೆಂದೇ ಇಳಿಸಿದೆವು. ಸದ್ದಿಲ್ಲ. ಅಣ್ಣ ಚುಕ್ಕಾಣಿ ಬಿಟ್ಟು ಚಪ್ಪಾಳೆ ತಟ್ಟಿದಾಗ "ಕೈ ಇಡಪ್ಪಾ, ಕೈ ಇಡು" ಎಂದು ಅನ್ವರ್ ಹಿಂದಿನಿಂದ ಗದರಿದ.

ಧಾರೆಯ ದಿನ ನೀನು ಒಂದು ಕೈಯಲ್ಲಿ ಸೀರೆಯನ್ನು ಎದೆಗವಚಿಕೊಂಡು, ಇನ್ನೊಂದರಲ್ಲಿ ಕೋಲೂರಿಕೊಂಡು ಬಾಗಿಲಿಗೆ ಬಂದಾಗ ಬೀದಿಯ ಮಗ್ಗಗಳೆಲ್ಲ ಒಂದಾದ ಮೇಲೊಂದು ಸದ್ದು ನಿಲ್ಲಿಸಿದವು. ನೋಡುವುದಕ್ಕೆ ಎಲ್ಲರೂ ಹೊರಗೆ ಬಂದಿದ್ದರು. ನೀನು ಯಾರ ಕಡೆಗೂ ನೋಡಲಿಲ್ಲ. ಬೆನ್ನು ಮಾಡಿ ನಿಂತೆ. ಕುಳಿತೆ. ಸೀರೆಯನ್ನು ಮಡಿಲಿಗೆ ಇಳಿಸಿಕೊಂಡು, "ನಡಿ" ಎಂದೆ. ಅಷ್ಟೇ.

ಊರು ದಾಟಿದ ಮೇಲೆ ನಮ್ಮ ಮುಂದೆ ಒಂದು ಬಸ್ಸು ಧೂಳೆಬ್ಬಿಸುತ್ತ ತೆವಳುತ್ತಿತ್ತು. ಅಣ್ಣ ನಿನ್ನ ಸೊಂಟಕ್ಕೆ ಹೆದರಿ ಎತ್ತಿನಗಾಡಿಯ ವೇಗದಲ್ಲಿ ಅದರ ಹಿಂದೆಯೇ ಹೋಗುತ್ತಿದ್ದ.

"ಧೂಳು ಸೀರೆ ಮೇಲೆ ಬೀಳ್ತೈತೆ. ಆ ಬಸ್ಸನ್ನ ಹಿಂದೆ ಹಾಕು."

"ಕುಲುಕ್ತದಮ್ಮ, ನೋವಾಗ್ತದೆ ನಿಂಗೆ."

"ನೋವು ನಂದು. ನೀನು ಓಡಿಸು."

ಅಣ್ಣ ಓಡಿಸಿದ. ಬಸ್ಸು ಹಿಂದುಳಿಯಿತು. ಕೆರೆಯ ಏರಿಯ ತಿರುವಿನಲ್ಲಿ ಮೊದಲೆಲ್ಲ ಹಿಂದುಗಡೆ ತೂಗಾಡಿ ನಮ್ಮ ಜೀವ ಹಿಂಡುತ್ತಿದ್ದ ಆ ಕಾರು ಈಗ ರಸ್ತೆಗೆ ಅಂಟಿಕೊಂಡು, ನೂಲಿನೆಳೆ ಹಿಡಿದಂತೆ ತಿರುಗಿತು. ನಾನು ಮುಂದಿನ ಆಸನದಿಂದ ಹಿಂತಿರುಗಿ ನೋಡಿದೆ. ನಿನ್ನ ಕೂದಲು ಗಾಳಿಗೆ ಬಿಚ್ಚಿಕೊಂಡಿತ್ತು. ಎರಡೂ ಕೈ ಸೀರೆಯ ಮೇಲಿದ್ದವು.

"ಇದು ಇನ್ನೂ ಜೋರಾಗಿ ಹೋಗ್ತದೇನ್ಲಾ?" ಎಂದು ಕೇಳಿದೆ. ನೀನು, ಸೊಂಟ ಮುರಿದ ನಮ್ಮಮ್ಮ! ಮುಂದಿನ ದಾರಿಯುದ್ದಕ್ಕೂ ಅಣ್ಣ ಹುಚ್ಚನಂತೆ ನಗುತ್ತಲೇ ಇದ್ದ.

ಕುಂದಾಣದ ಬೀದಿಯ ಬಾಯಲ್ಲಿ ಆ ನಗು ನಿಂತಿತು. ಗಾಡಿಗಳು ಓಡಾಡಿ ಎರಡೂ ಬದಿಗೆ ಆಳವಾದ ಜಾಡು ಬಿದ್ದಿತ್ತು. ನಡುವಿನ ಮಣ್ಣು ದಿಬ್ಬದಂತೆ ಉಳಿದಿತ್ತು. ಎತ್ತರದ ಕಾರಾಗಿದ್ದಾಗ ಅದನ್ನು ದಾಟುವುದು ಆಟವಾಗಿತ್ತು. ತಗ್ಗಿಸಿದ ಕಾರಿನ ಹೊಟ್ಟೆ ದಿಬ್ಬಕ್ಕೆ ಕರ್ರೆಂದು ಉಜ್ಜಿ ನಿಂತುಬಿಟ್ಟಿತು. ಹತ್ತುವುದನ್ನೇ ಯೋಚಿಸಿದ ನಮ್ಮಲ್ಲಿ ಯಾರಿಗೂ ಆ ಬೀದಿಯ ನೆನಪು ಬಂದಿರಲಿಲ್ಲ. ಮದುವೆಮನೆಯ ಚಪ್ಪರ ಬೀದಿಯ ಆ ಕೊನೆಯಲ್ಲಿ ಕಾಣುತ್ತಿತ್ತು. ವಾಲಗದ ಸದ್ದು ಏರುತ್ತಿತ್ತು.

"ಇಷ್ಟು ದೂರ ಮಾತ್ರ, ನಾವಿಬ್ರೂ ಕೈಕುರ್ಚಿ ಮಾಡ್ಕೊಂಡು…" ಎಂದು ಅಣ್ಣ ಆರಂಭಿಸಿದ.

ನೀನು ಆಗಲೇ ಬಾಗಿಲು ತೆರೆದು ಪಾದಗಳನ್ನು ನೆಲಕ್ಕೆ ಊರಿದ್ದೆ. ಎದ್ದು ನಿಂತೆ. ಆ ಉಬ್ಬುತಗ್ಗಿನಲ್ಲಿ ಸೀರೆಗೆ ಎರಡು ಕೈ ಬೇಕು. ಕೋಲಿಗೆ ಮೂರನೆಯ ಕೈ ಎಲ್ಲಿಂದ ಬರಬೇಕು? ಕೋಲನ್ನು ನನ್ನ ಕೈಗೆ ಕೊಟ್ಟೆ. "ಹಿಂದಿಂದೆ ಬಾ. ಮುಟ್ಬೇಡ." ಗಾಡಿಜಾಡಿನ ನಡುವಿನ ದಿಬ್ಬದ ಮೇಲೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟುಕೊಂಡು ನೀನು ನಡೆದೆ. ಒಮ್ಮೆ ತೂರಾಡಿದೆ, ನನ್ನ ಕೈ ತಾನಾಗಿ ಮುಂದೆ ಹೋಯಿತು, ನೀನು ಸಾವರಿಸಿಕೊಂಡೆ. ಚಪ್ಪರದ ಕೆಳಗಿನಿಂದ ಚಿಕ್ಕಮ್ಮ ಓಡಿ ಬಂದವಳು ನಿನ್ನ ಮುಖ ನೋಡಿ, ಎತ್ತಿದ ಕೈಗಳನ್ನು ಹಾಗೆಯೇ ಇಳಿಸಿ ದಾರಿ ಬಿಟ್ಟಳು. ಸರಸ್ವತಿ ಮಣೆಯ ಮೇಲೆ ಕುಳಿತಿದ್ದಳು. ಬಾಗಿ ಸೀರೆಯನ್ನು ಅವಳ ಮಡಿಲಿಗೆ ಇಳಿಸಿದ ಮೇಲೆಯೇ ನೀನು ನನ್ನತ್ತ ಕೈಚಾಚಿದ್ದು. "ಈಗ ಕೊಡು ಕೋಲು."

ಇದೆಲ್ಲ ನಿನಗೆ ತಿಳಿದದ್ದೇ. ತಿಳಿಯದ್ದು ಇನ್ನು ಮುಂದಿನದು.

ಕಳೆದ ವಾರ ಸೋಂಪುರದ ಕಡೆಗೆ ಹೋಗಿದ್ದಾಗ, ಅಣ್ಣನ ಮೊಮ್ಮಗನ ಕಾರಿನ ಗಾಲಿಗೆ ಮೊಳೆ ಚುಚ್ಚಿ, ನೆಲಮಂಗಲದ ಹತ್ತಿರದ ಒಂದು ಗ್ಯಾರೇಜಿನಲ್ಲಿ ಕಾಯಬೇಕಾಯಿತು. ಅನ್ವರ್ ತೀರಿಕೊಂಡು ಎಷ್ಟೋ ವರ್ಷಗಳಾದವು. ಆ ಗ್ಯಾರೇಜಿನಲ್ಲಿ ನನಗೆ ಪರಿಚಿತರು ಯಾರೂ ಇರಲಿಲ್ಲ. ಒಬ್ಬಾತ ತನ್ನ ಹಳೆಯ ವ್ಯಾನಿನ ಹಿಂಭಾಗವನ್ನು ತಗ್ಗಿಸಿಕೊಡಲು ಕೇಳುತ್ತಿದ್ದ. ಅವನ ಬಳಿ ವಯಸ್ಸಾದ ಹೆಂಗಸೊಬ್ಬಳು ಕುರ್ಚಿಯಲ್ಲಿ ಕುಳಿತಿದ್ದಳು. ಮೇಸ್ತ್ರಿ ಕೇಳಿದ:

"ಮಾಮೂಲಿಗೆ ಇಳಿಸ್ಲಾ ಸಾರ್, ಅಮ್ಮನ ಎತ್ತರಕ್ಕೆ ಇಳಿಸ್ಲಾ?"

ನಾನು ಎದ್ದು ಹೋಗಿ, ಯಾವ ಅಮ್ಮ ಎಂದು ವಿಚಾರಿಸಿದೆ.

"ಯಾವಮ್ಮನೋ ಯಾರಿಗ್ಗೊತ್ತು ತಾತ. ನಮ್ಮ ಮೇಸ್ತ್ರಿ ಹಂಗೇ ಅಂತಿದ್ರು. ಅವ್ರಿಗೆ ಹೇಳ್ಕೊಟ್ಟೋರು ದೊಡ್ಡಬಳ್ಳಾಪುರದೋರಂತೆ, ಅವ್ರೂ ಹಂಗೇ ಅಂತಿದ್ರಂತೆ. ಅಮ್ಮನ ಎತ್ತರ ಅಂದ್ರೆ, ವಯಸ್ಸಾದೋರು ಯಾರನ್ನೂ ಹಿಡ್ಕೊಳ್ದೆ ಕೂತ್ಕೊಳ್ಳೋ ಎತ್ತರ. ಈ ಕಡೆ ಗ್ಯಾರೇಜಲ್ಲಿ ಎಲ್ಲಿ ಕೇಳಿದ್ರೂ ಹೇಳ್ತಾರೆ."

ಮೊಮ್ಮಗ ಹೊರಡೋಣವೆಂದು ಅವಸರಪಡಿಸಿದರೂ, ಆ ವ್ಯಾನಿನ ಕೆಲಸ ಮುಗಿಯುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ವ್ಯಾನನ್ನು ಹೊರಗೆ ತಂದು ನಿಲ್ಲಿಸಿದರು. ಮಗ ತಾಯಿಯನ್ನು ಎತ್ತಲು ಬಾಗಿದ. ಅವಳು ಅವನ ಕೈಯನ್ನು ಸರಿಸಿ, ಬೆನ್ನು ಮಾಡಿ ನಿಂತು, ನಿಧಾನವಾಗಿ ಕುಳಿತಳು. ಬಾಗಿಲನ್ನು ತಾನೇ ಎಳೆದುಕೊಂಡಳು.

ನಿನ್ನ ಕಿರಿಯ ಮಗ